ಕುಲಾವಿ

ರಾತ್ರಿ ಎರಡೂ ಕಾಲು. ಅರಸೀಕೆರೆ ಜಂಕ್ಷನ್,
ಪಾರ್ಸೆಲ್ ಆಫೀಸು. ಹುಬ್ಬಳ್ಳಿ ಕಡೆಯ ಗಾಡಿ
ಐವತ್ತು ನಿಮಿಷ ತಡ.
ರದ್ದಾದ ರಸೀದಿ ಪುಸ್ತಕದ ಬೆನ್ನ ಮೇಲೆ
ನಾನೊಂದು ರಾಜ್ಯ ಕಟ್ಟುತ್ತಿದ್ದೇನೆ.

ನದಿ ಮೊದಲು. ನದಿ ಎಳೆದರೆ
ಊರು ತಾನಾಗಿ ಬಂದು ಕೂರುತ್ತದೆ, ಬಟ್ಟೆ ಒಗೆಯಲು.
ಆಮೇಲೆ ಬೆಟ್ಟ, ಬೆಟ್ಟಕ್ಕೊಂದು ಶಾಪ,
ಶಾಪ ಕೊಟ್ಟವಳಿಗೊಂದು ಹೆಸರು, ಹಳೆಯದೊಂದು ಸಿಟ್ಟು.
ಏಳು ತಲೆಮಾರಿನ ಅರಸರನ್ನು ಹುಟ್ಟಿಸಿ ಸಾಯಿಸಿದ್ದೇನೆ
ಒಂದು ಫ್ಲಾಸ್ಕು ಟೀ ಮುಗಿಯುವುದರೊಳಗೆ.
ನೆಲದಡಿಯ ಸೆರೆಮನೆಗೆ ನಕ್ಷೆ ಸಿಗದೆ
ಮೊನ್ನೆ ಡ್ಯೂಟಿ ಮುಗಿಸಿ ಈಶ್ವರನ ಗುಡಿಗೆ ಹೋಗಿ
ನಕ್ಷತ್ರದ ಮಂಟಪದ ಮೂಲೆಗಳನ್ನು ಎಣಿಸಿಕೊಂಡು ಬಂದೆ,
ಕೈಮುಗಿಯುವುದು ಮರೆತು.

ಭಾನುವಾರ ನಾಲ್ವರು ಬರುತ್ತಾರೆ
ಶಾಂತಮಲ್ಲಪ್ಪನ ಕೊಬ್ಬರಿ ಮಂಡಿಯ ಅಟ್ಟಕ್ಕೆ.
ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಶಾಂತಮಲ್ಲಪ್ಪ
ಅಲ್ಲಿ ಗಂಡುಗೊಡಲಿ ಹಿಡಿದು ರಕ್ಕಸರನ್ನು ತರಿಯುತ್ತಾನೆ.
ಗಣಿತದ ಟೀಚರ್ ಜಬೀನ್ ತಾಜ್ ಅಲ್ಲಿ ಕಳ್ಳಿ.
ಎಂಜಿನ್ ಓಡಿಸುವ ಫೆಲಿಕ್ಸ್, ಹಳಿಯಿಲ್ಲದ ಬೈರಾಗಿ.
ಮಂಡಿಯವನ ಮೊಮ್ಮಗಳು ದಾಕ್ಷಾಯಿಣಿ, ಏಳನೇ ಕ್ಲಾಸು,
ವಾರಕ್ಕೊಂದು ಪ್ರಾಣಿ.
ಒಂದು ಕಿಲೋ ತೂಕದ ಬಟ್ಟು ನಮ್ಮ ಡ್ರ್ಯಾಗನ್.
ಐವತ್ತು ಗ್ರಾಮಿನವು ಸಿಪಾಯಿಗಳು.
ರಾವಣನಿಗಿಂತ ಎರಡರಷ್ಟು ಮುಖದ ದಾಳ
ಒಮ್ಮೆ ಉರುಳಿ ಕೊಬ್ಬರಿ ಗಿಟುಕಿನೊಳಗೆ ಓರೆಯಾಗಿ ಕೂತಿತು:
ಇಪ್ಪತ್ತೋ ಎರಡೋ ಎಂದು ಅರ್ಧ ಗಂಟೆ ವ್ಯಾಜ್ಯ.

ಹೋದ ವಾರ ಅವರನ್ನು ರಾಜಧಾನಿಯ ಬಾಗಿಲಿಗೆ ತಂದು ನಿಲ್ಲಿಸಿದೆ.
ಬಾಗಿಲಾಚೆ ಮೂರು ತಿಂಗಳ ನನ್ನ ನಿದ್ದೆ:
ಪಿತೂರಿ, ವಿಷದ ಬಟ್ಟಲು, ಸುಳ್ಳು ರಾಜಕುಮಾರ,
ನಿಜವಾದವನ ಕಿರುಬೆರಳು ಒಂದು ಡಬ್ಬಿಯಲ್ಲಿ.
ದಾಕ್ಷಾಯಿಣಿ ಹೊಸಿಲಲ್ಲೇ ನಿಂತಳು.
"ಮಂಗಳಕ್ಕ, ಈ ಕಾವಲಿನವನು ಊಟಕ್ಕೆ ಏನು ತಂದವ್ನೆ?"

ನನಗೆ ಗೊತ್ತಿರಲಿಲ್ಲ.
ಮುನ್ನೂರು ವರ್ಷದ ಯುದ್ಧ ಗೊತ್ತು,
ಡಬ್ಬಿಯ ಬೀಗದ ಕೈ ಯಾರ ಸೊಂಟದಲ್ಲಿದೆ ಅಂತಲೂ ಗೊತ್ತು.
"ಮುದ್ದೆ" ಅಂದೆ, ಬಾಯಿಗೆ ಬಂದದ್ದು.
"ಯಾತರ ಜೊತೆ?"
"ಉಪ್ಪು."
"ಬರೀ ಉಪ್ಪಾ?"

ಅಷ್ಟೇ. ನಾಲ್ವರೂ ಅಲ್ಲೇ ಕೂತುಬಿಟ್ಟರು.
ಕಳ್ಳಿ ತನ್ನ ಬುತ್ತಿ ಬಿಚ್ಚಿದಳು.
ಆರು ತಿಂಗಳಿಂದ ಸಂಬಳವಿಲ್ಲ ಎಂದು ಅವನು ಹೇಳಿದ,
ಅಂದರೆ ನಾನು ಹೇಳಿದೆ,
ಹೇಳಿದ ಮೇಲೆ ಅದು ನಿಜವಾಯಿತು.
ಕೊಡಲಿ ಗೋಡೆಗೊರಗಿಸಿ ಶಾಂತಮಲ್ಲಪ್ಪ ಬಡ್ಡಿ ಲೆಕ್ಕ ಹಾಕಿಕೊಟ್ಟ.
ಸಂಜೆಯಾದರೂ ಯಾರೂ ಒಳಗೆ ಹೋಗಲಿಲ್ಲ.
ವಿಷ ಬಟ್ಟಲಲ್ಲೇ ಒಣಗಿತು.

ನಮ್ಮ ತಾತ ಮೂಡಲಪಾಯದ ಭಾಗವತ. ಎಂಥ ಸುಖಪುರುಷ!
ಅವನ ಅರ್ಜುನ ಮಾತು ಮರೆತರೂ
ಬೆಳಗಾಗುವುದರೊಳಗೆ ಗೆಲ್ಲುತ್ತಿದ್ದ;
ಯುದ್ಧದ ನಡುವೆ ನಿಂತು
ದ್ವಾರಪಾಲಕನ ಹೊಟ್ಟೆ ವಿಚಾರಿಸುತ್ತಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಜನ ನಗುತ್ತಾರೆ.
ನನ್ನ ಹತ್ತಿರ ಒಂದು ಟ್ರಂಕು ತುಂಬ ಕುಲಾವಿ.
ಹುಟ್ಟಿದ ಕೂಸಿಗೆ ಒಂದೂ ಹಿಡಿಸುವುದಿಲ್ಲ,
ಅದರ ತಲೆಯೇ ಬೇರೆ ಅಳತೆ.
ಹೊಲಿಯುವುದು ನಿಲ್ಲಿಸಲು ಮಾತ್ರ ಕೈ ಒಪ್ಪದು.

ಈ ರಾತ್ರಿ ಇಡೀ ಹಾಳೆ ಅವನಿಗೆ.
ಹೆಸರು: ಬರೆದಿಲ್ಲ, ದಾಕ್ಷಾಯಿಣಿ ಕೇಳಿದಾಗ ಇಟ್ಟರಾಯಿತು.
ಊಟ: ಮುದ್ದೆ, ಉಪ್ಪು.
ಅವರು ಮತ್ತೆ ಬಂದರೆ ಹುರುಳಿ ಸಾರು.
ಸಾರು ಕಾಯಿಸಿದವರು ಯಾರೋ,
ಅಲ್ಲೊಂದು ಗೆರೆ ಖಾಲಿ.
ರಾಜರ ವಂಶವೃಕ್ಷದಲ್ಲಿ ಮೂವರನ್ನು ಹೊಡೆದು ಹಾಕಿದೆ,
ಜಾಗ ಸಾಲಲಿಲ್ಲ.

ಹೊರಗೆ ಕೈಗಾಡಿಯ ಮೇಲೆ ಹಮಾಲಿ ತಿಮ್ಮರಾಯಿ
ಕ್ಯಾರಿಯರ್ ಬಿಚ್ಚುತ್ತಿದ್ದಾನೆ.
ಹನ್ನೊಂದು ವರ್ಷ ಒಂದೇ ಪಾಳಿ ನಮ್ಮದು.
ಗಾಡಿಗೆ ಇನ್ನೂ ಇಪ್ಪತ್ತು ನಿಮಿಷ.
ಎದ್ದು ಹೋದೆ, ಏನು ತಂದಿದ್ದೀಯ ಎಂದು ಕೇಳಲು.
ರಸೀದಿ ಪುಸ್ತಕ ಕಂಕುಳಲ್ಲೇ ಇತ್ತು,
ಸುಳ್ಳೇಕೆ.